ವೆಲ್ಷ್ ಚಾಪೆಲ್ ಮತ್ತು ಅದರ ಪಾಠಕೋಣೆ: ವಾಸ್ತು ಹಾಗೂ ಭಾಷೆಯ ಸಂಬಂಧ

ವಿಕ್ಟೋರಿಯಾ ರಾಣಿಯ ಆಳ್ವಿಕೆಯಲ್ಲಿ (1837-1901) ವೇಲ್ಸ್ ನಾಡಿನಲ್ಲಿ ನಿರ್ಮಾಣವಾದ ಚಾಪೆಲ್‌ಗಳನ್ನು ಕುರಿತ ವಿವೇಚನೆ ಸಾಮಾನ್ಯವಾಗಿ ಅವುಗಳ ಮುಂಭಾಗದ ವೈಭವಕ್ಕೆ ಸೀಮಿತಗೊಳ್ಳುತ್ತದೆ. ಅವುಗಳಿಗೆ ಹೊಂದಿಕೊಂಡ ಪಾಠಕೋಣೆಯು ಕೇವಲ ಅನುಬಂಧವೆಂಬಂತೆ ಉಪೇಕ್ಷೆಗೆ ಒಳಗಾಗಿದೆ. ಆದರೆ ಒಂದು ಭಾಷೆಯ ಉಳಿವಿನ ದೃಷ್ಟಿಯಿಂದ ನೋಡಿದಾಗ ಇವೆರಡನ್ನೂ ಒಂದೇ ರಚನೆಯ ಎರಡು ಅಂಗಗಳಾಗಿ ಪರಿಭಾವಿಸಬೇಕಾಗುತ್ತದೆ.

ವೇಲ್ಸ್‌ನಲ್ಲಿ 1920ರವರೆಗೂ ಆಂಗ್ಲಿಕನ್ ಚರ್ಚು ರಾಜ್ಯದ ಅಧಿಕೃತ ಧರ್ಮಸಂಸ್ಥೆಯಾಗಿತ್ತು. ಜನಸಾಮಾನ್ಯರ ಒಲವು ಮಾತ್ರ ಬೇರೆಯಾಗಿತ್ತು. 1851ರ ಮಾರ್ಚ್ 30ರಂದು ನಡೆದ ಧಾರ್ಮಿಕ ಗಣತಿಯ ಪ್ರಕಾರ, ಅಂದು ಅಲ್ಲಿ ಆರಾಧನೆಗೆ ಹಾಜರಾದವರಲ್ಲಿ ಬಹುಪಾಲು ಜನ ಈ ಸಂಸ್ಥೆಯಿಂದ ಹೊರಗುಳಿದ ಪಂಥಗಳಿಗೆ ಸೇರಿದ್ದರು. ಚಾಪೆಲ್ ಎಂಬುದು ಇಂಥವರು ತಮ್ಮ ವಂತಿಗೆಯಿಂದ ಕಟ್ಟಿಕೊಂಡ ಮನೆ.

ಇದರ ಒಳವಿನ್ಯಾಸವನ್ನು ನಿರ್ಧರಿಸಿದ್ದು ಉಪದೇಶ. ಎಲ್ಲರ ಕಣ್ಣಿಗೂ ಬೀಳುವ ಎತ್ತರದ ಉಪದೇಶಪೀಠ, ಅದರ ಮುಂದೆ ಸಭೆಯ ಹಿರಿಯರು ಕೂರುವ 'ದೊಡ್ಡ ಆಸನ', ಮೂರು ಕಡೆ ಎರಕದ ಕಬ್ಬಿಣದ ಕಂಬಗಳ ಮೇಲೆ ನಿಂತ ಉಪ್ಪರಿಗೆ, ಇವು ಇದರ ಮುಖ್ಯಾಂಗಗಳು. ಕಟ್ಟಡದ ಗುರಿ ಮಾತು ಎಲ್ಲರಿಗೂ ಕೇಳಿಸುವುದು. ಆ ಮಾತು ವೆಲ್ಷ್ ಭಾಷೆಯದು. ಆರಂಭದ ಚಾಪೆಲ್‌ಗಳಲ್ಲಿ ಬಾಗಿಲುಗಳು ಉದ್ದನೆಯ ಗೋಡೆಯಲ್ಲಿದ್ದವು. ಹತ್ತೊಂಬತ್ತನೆಯ ಶತಮಾನದಲ್ಲಿ ಪ್ರವೇಶವು ಕಿರಿಗೋಡೆಗೆ ಸರಿದು, ಬೀದಿಗೆ ಮುಖಮಾಡಿದ ಅಲಂಕೃತ ಮುಂಭಾಗ ರೂಪುಗೊಂಡಿತು.

ಸ್ವಾನ್ಸಿಯ ಬಳಿಯ ಮೊರಿಸ್ಟನ್‌ನಲ್ಲಿ 1872ರಲ್ಲಿ ಪೂರ್ಣಗೊಂಡ 'ಟ್ಯಾಬರ್ನಾಕಲ್' ಈ ಬೆಳವಣಿಗೆಯ ಶಿಖರ. ಜಾನ್ ಹಂಫ್ರಿ ಇದರ ವಾಸ್ತುಶಿಲ್ಪಿ. ಕೊರಿಂಥಿಯನ್ ಶೈಲಿಯ ಕಂಬಗಳು, ದುಂಡು ಕಮಾನುಗಳು, ಅವುಗಳ ಜೊತೆಗೆ ಚೂಪಾದ ಶಿಖರವುಳ್ಳ ಗೋಪುರ ಹೀಗೆ ಭಿನ್ನ ಶೈಲಿಗಳು ಇಲ್ಲಿ ಕೂಡಿಕೊಂಡಿವೆ. ತಾಮ್ರ ಹಾಗೂ ತವರದ ತಗಡಿನ ಉದ್ಯಮದ ಕಾರ್ಮಿಕರ ಊರೊಂದು ಇಂಥ ಕಟ್ಟಡವನ್ನು ಎತ್ತಿ ನಿಲ್ಲಿಸಿತೆಂಬುದು ಗಮನಾರ್ಹ.

ಪಾಠಕೋಣೆಯು ಇದಕ್ಕೆ ವ್ಯತಿರಿಕ್ತವಾದುದು. ಚಾಪೆಲ್‌ನ ಹಿಂಬದಿಗೋ ಪಕ್ಕಕ್ಕೋ, ಇಳಿಜಾರಿನ ನೆಲವಿದ್ದಲ್ಲಿ ಕೆಳಗೋ ಇರುವ ಸರಳ ಹಜಾರ ಇದು. ಚಾಪೆಲ್‌ನ ಆಸನಗಳು ಪೀಠದ ಕಡೆಗೆ ಸ್ಥಿರವಾಗಿದ್ದರೆ, ಇಲ್ಲಿನ ಬೆಂಚುಗಳನ್ನು ಬೇಕಾದಂತೆ ಸರಿಸಿ ಸಣ್ಣ ಸಣ್ಣ ತರಗತಿಗಳನ್ನು ಮಾಡಿಕೊಳ್ಳಬಹುದಿತ್ತು. ಅಲ್ಲಿ ಕೇಳುವುದು, ಇಲ್ಲಿ ಓದುವುದು ಮತ್ತು ಪ್ರಶ್ನಿಸುವುದು. ವೇಲ್ಸ್‌ನ ಭಾನುವಾರದ ಶಾಲೆಗಳಿಗೆ ಮಕ್ಕಳಷ್ಟೇ ಅಲ್ಲದೆ ವಯಸ್ಕರೂ ಬರುತ್ತಿದ್ದರು. ಅವರು ಅಕ್ಷರ ಕಲಿತದ್ದು ತಾಯ್ನುಡಿಯಲ್ಲಿ. 1860ರ ದಶಕದಿಂದ ಟಾನಿಕ್ ಸೋಲ್‌ಫಾ ಸ್ವರಲಿಪಿಯ ಕಲಿಕೆಯೂ ಸೇರಿ, ವೃಂದಗಾನದ ಸಂಪ್ರದಾಯಕ್ಕೆ ಬುನಾದಿ ದೊರೆಯಿತು.

ಈ ಕೋಣೆಯ ಮಹತ್ವವು ಆ ಕಾಲದ ಶಿಕ್ಷಣನೀತಿಯ ಹಿನ್ನೆಲೆಯಲ್ಲಿ ಸ್ಪಷ್ಟವಾಗುತ್ತದೆ. ವೆಲ್ಷ್ ಬಾರದ ಮೂವರು ಆಯುಕ್ತರು 1847ರಲ್ಲಿ ಸಲ್ಲಿಸಿದ ಶಿಕ್ಷಣ ವರದಿಯು ಆ ಭಾಷೆಯನ್ನು ಜನರ ಪ್ರಗತಿಗೆ ಅಡ್ಡಿಯೆಂದು ಬಗೆಯಿತು. ವೇಲ್ಸ್‌ನ ಜನ ಅದನ್ನು 'ನೀಲಿ ಪುಸ್ತಕಗಳ ದ್ರೋಹ' ಎಂದು ಕರೆದರು. 1870ರ ಪ್ರಾಥಮಿಕ ಶಿಕ್ಷಣ ಕಾಯಿದೆಯೂ ವೆಲ್ಷ್‌ಗೆ ಅವಕಾಶ ಕಲ್ಪಿಸಲಿಲ್ಲ. ಹೀಗೆ ವಾರದ ದಿನಗಳ ಶಾಲೆ ಇಂಗ್ಲಿಷಿಗೆ ಮೀಸಲಾದಾಗ, ವೆಲ್ಷ್ ಸಾಕ್ಷರತೆಯ ಹೊಣೆ ಭಾನುವಾರದ ಪಾಠಕೋಣೆಯ ಮೇಲೆ ಬಿತ್ತು. ಸ್ಥಳೀಯ ಶಿಕ್ಷಣ ಪ್ರಾಧಿಕಾರವೊಂದರ ಮೊದಲ ವೆಲ್ಷ್ ಮಾಧ್ಯಮ ಪ್ರಾಥಮಿಕ ಶಾಲೆ ಲನೆಲ್ಲಿಯಲ್ಲಿ ತೆರೆದದ್ದು 1947ರಲ್ಲಿ, ಅಂದರೆ ಆ ವರದಿಯ ಒಂದು ನೂರು ವರ್ಷಗಳ ತರುವಾಯ.

ಇಪ್ಪತ್ತನೆಯ ಶತಮಾನದಲ್ಲಿ ಅನೇಕ ಚಾಪೆಲ್‌ಗಳು ಮುಚ್ಚಿದವು. ಸಂರಕ್ಷಣೆಗಾಗಿ 1999ರಲ್ಲಿ ಪ್ರತ್ಯೇಕ ದತ್ತಿಸಂಸ್ಥೆಯೊಂದು ಸ್ಥಾಪನೆಯಾಯಿತು. ಆದರೆ ಶಿಲ್ಪಸೌಂದರ್ಯವನ್ನೇ ಮಾನದಂಡವಾಗಿಸಿಕೊಂಡರೆ ಮುಂಭಾಗ ಉಳಿದು ಪಾಠಕೋಣೆ ಅಳಿಯುವ ಸಾಧ್ಯತೆ ಹೆಚ್ಚು. ಏಕೆಂದರೆ ಅದರಲ್ಲಿ ಕಣ್ಣಿಗೆ ಕಾಣುವ ಅಲಂಕಾರವಿಲ್ಲ. ಭಾಷೆಯ ಚರಿತ್ರೆಯನ್ನು ಗ್ರಂಥ ಹಾಗೂ ಶಾಸನಗಳಲ್ಲಿ ಹುಡುಕುವಂತೆ, ಅದನ್ನು ಕಲಿಸಿದ ಬರಿಗೋಡೆಗಳಲ್ಲಿಯೂ ಹುಡುಕಬೇಕು ಎಂಬುದನ್ನು ಈ ನಿದರ್ಶನ ಮನಗಾಣಿಸುತ್ತದೆ.