ಅಜ್ಜಿಯ ಕಡಗ, ಲೋಟದ ಬೆಳ್ಳಿ

ತಮ್ಮಾ, ಮೊನ್ನೆ ನಿಮ್ಮ ಪಡಸಾಲೆಯಲ್ಲೇ ಹೇಳಬೇಕೆಂದಿದ್ದೆ. ನಾಲ್ಕು ಜನ ಕೂತಿದ್ದರು, ಬಾಯಿ ಮುಚ್ಚಿಕೊಂಡು ಬಂದೆ.

ಗಾಜಿನ ಲೋಟದ ನೀರಲ್ಲಿ ಅಜ್ಜಿಯ ಹಳೇ ಕಾಲ್ಗಡಗದ ಎರಡು ತುಂಡು, ಪಕ್ಕದಲ್ಲಿ 9 ವೋಲ್ಟಿನ ಮೂರು ಬ್ಯಾಟರಿ. ಒಂದು ತುಂಡಿನ ಮೈ ಕಪ್ಪಿಟ್ಟಿತ್ತು, ಇನ್ನೊಂದರಿಂದ ಸಣ್ಣ ಗುಳ್ಳೆ ಏಳುತ್ತಿದ್ದವು. ನಡುವೆ ಬೂದಿ ಬಣ್ಣದ ಎಳೆಯೊಂದು ಊದುಬತ್ತಿ ಹೊಗೆಯ ಹಾಗೆ ಇಳಿಯುತ್ತಿತ್ತು. "ಕೊಲಾಯ್ಡಲ್ ಸಿಲ್ವರ್, ಮಾವ. ಬೆಳ್ಳಿ ಕಣ ತೇಲೋ ನೀರು, ಕುಡಿಯಾಕ. ಟೆಸ್ಟ್ ಮಾಡೀನಿ, ಪಕ್ಕಾ 10 ಪಿಪಿಎಂ ಐತಿ" ಅಂದೆ ನೀನು. ಹೈಸ್ಕೂಲಿನಲ್ಲಿ 30 ವರ್ಷ ವಿಜ್ಞಾನ ಹೇಳಿಕೊಟ್ಟವನು ನಾನು. ಆ "ಟೆಸ್ಟ್" ಅನ್ನೋ ಮಾತೇ ನಿದ್ದೆ ಕೆಡಿಸಿತು.

ನೀನು ಟೆಸ್ಟ್ ಮಾಡಿದ ಆ ಟಿಡಿಎಸ್ ಮೀಟರ್ ಇದೆಯಲ್ಲ (ಊರಿನ ಹೆಸರು ಒಂದೇ ಅಂತ ಮೊದಲು ಹಾಸನದ ಅರಸೀಕೆರೆಗೆ ಹೋಗಿ, ಸುತ್ತಾಡಿ, ಆಮೇಲೆ ನಮ್ಮ ಹರಪನಹಳ್ಳಿ ಸೀಮೆಯ ಅರಸೀಕೆರೆಗೆ ಬಂದದ್ದು), ಅದಕ್ಕೆ ಬೆಳ್ಳಿಯ ಗುರುತೇ ಇಲ್ಲ. ನೀರಲ್ಲಿ ಕರೆಂಟು ಎಷ್ಟು ಸರಾಗ ಹರಿಯುತ್ತದೆ ಅಂತ ನೋಡಿ, ಉಪ್ಪಿನ ಲೆಕ್ಕದಲ್ಲಿ ಒಂದು ಅಂದಾಜು ಕೊಡುತ್ತದೆ, ಅಷ್ಟೇ. ನೀನು ತಂದದ್ದು ಶುದ್ಧ ನೀರಿನ ಘಟಕದ ಕ್ಯಾನು. ಅದರಲ್ಲೂ ಲವಣ ಉಳಿದೇ ಇರುತ್ತದೆ. ಅತ್ತ ತೇಲುವ ಬೆಳ್ಳಿ ಕಣ ಮೀಟರಿನ ಕಣ್ಣಿಗೇ ಬೀಳದು. ಲೇಸರ್ ಬಿಟ್ಟು ಕೆಂಪು ಗೆರೆ ತೋರಿಸಿದೆ, ಚಂದ ಕಂಡಿತು. ಏನೋ ಕಣ ತೇಲುತ್ತಿದೆ ಅನ್ನುವುದಕ್ಕೆ ಅದು ಸಾಕ್ಷಿ. ಬೆಳ್ಳಿಯೋ ದೂಳೋ, ಎಷ್ಟಿದೆಯೋ, ಗೆರೆ ಹೇಳುವುದಿಲ್ಲ.

ಬೇಕಾದರೆ ಒಂದು ಚಮಚ ತೆಗೆದು, ಉಪ್ಪುನೀರಿನ ಒಂದು ಹನಿ ಬಿಡು. ಮಜ್ಜಿಗೆಯ ಹಾಗೆ ಬೆಳ್ಳಗೆ ಕದಡಿದರೆ, ಕರಗಿದ ಬೆಳ್ಳಿ ಉಪ್ಪಿನ ಜೊತೆ ಸೇರಿ ಸಿಲ್ವರ್ ಕ್ಲೋರೈಡ್ ಆಯಿತು ಅಂತ ಅರ್ಥ. ಹೊಟ್ಟೆಯಲ್ಲೂ ಉಪ್ಪಿನ ಆಮ್ಲವೇ ಇರುವುದು, ಕುಡಿದರೆ ಅಲ್ಲೂ ಇದೇ ಕಥೆ.

ಇನ್ನು ಕಡಗ. ಮೆತ್ತಗಿನ ಅಪ್ಪಟ ಬೆಳ್ಳಿಯಲ್ಲಿ ಸಾಮಾನ್ಯವಾಗಿ ಯಾರೂ ಕಡಗ ಮಾಡುವುದಿಲ್ಲ, ತಾಮ್ರ ಬೆರೆಸುತ್ತಾರೆ. ಬೆಸುಗೆಯಲ್ಲಿ ಏನೇನಿದೆಯೋ, ಹಳೆಯ ಬೆಸುಗೆಯಲ್ಲಿ ಕ್ಯಾಡ್ಮಿಯಂ ಕೂಡ ಇರಬಹುದು. ಕರೆಂಟು ಬೆಳ್ಳಿಯನ್ನಷ್ಟೇ ಆರಿಸಿ ಬಿಡಿಸುವುದಿಲ್ಲ. ಕ್ಯಾನಿನ ನೀರು ಬೇಡ ಅಂತ ಟ್ರ್ಯಾಕ್ಟರಿನ ಬ್ಯಾಟರಿಗೆ ಹಾಕುವ ನೀರಿನ ಮೇಲೆ ಕಣ್ಣಿಟ್ಟಿದ್ದೀಯಂತೆ. ಅದು ಬ್ಯಾಟರಿ ಕುಡಿಯುವ ನೀರು, ಮನುಷ್ಯರದ್ದಲ್ಲ.

ಹೋಗಲಿ, ನಿನ್ನ ಮೀಟರ್ ಸರಿಯಾಗೇ ಹೇಳಿತು ಅನ್ನೋಣ. 10 ಪಿಪಿಎಂ ಅಂದರೆ ಲೀಟರಿಗೆ 10 ಮಿಲಿಗ್ರಾಂ ಬೆಳ್ಳಿ. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ, ಐಎಸ್ 10500, ಬೆಳ್ಳಿಗೆ ಹಾಕಿರುವ ಮಿತಿ ಲೀಟರಿಗೆ 0.1 ಮಿಲಿಗ್ರಾಂ. ನಿನ್ನ ಲೋಟದಲ್ಲಿರುವುದು ಅದರ ನೂರು ಪಟ್ಟು. ಟೆಸ್ಟು ಪಾಸಾದರೆ ನೀರು ಫೇಲು! ಒಳ್ಳೆಯ ಪ್ರಯೋಗಾಲಯಕ್ಕೆ ಕೊಟ್ಟರೆ ಬೆಳ್ಳಿ ಇಷ್ಟು, ತಾಮ್ರ ಇಷ್ಟು ಅಂತ ಖಚಿತವಾಗಿ ಬರೆದು ಕೊಡುತ್ತಾರೆ, ನಿಜ. ಆ ಕಾಗದ ಆ ಬಾಟಲಿಗಷ್ಟೇ. ಕಣಗಳು ದಿನ ಕಳೆದಂತೆ ಗುಂಪುಗೂಡಿ ತಳ ಹಿಡಿಯುತ್ತವೆ, ಮುಂದಿನ ಸಲ ಬ್ಯಾಟರಿ ಬೇರೆ, ಹೊತ್ತು ಬೇರೆ.

ಬೆಳ್ಳಿ ಮೈಗೆ ಏನು ಮಾಡುತ್ತದೆ ಅಂತೀಯಾ? ಓಟು ಹಾಕಿದಾಗ ಬೆರಳಿಗೆ ಹಚ್ಚುವ ಶಾಯಿ ನೋಡಿದ್ದೀಯಲ್ಲ. 1962ರಿಂದ ನಮ್ಮ ಮೈಸೂರಿನ ಬಣ್ಣ ಮತ್ತು ಅರಗು ಕಾರ್ಖಾನೆಯಿಂದಲೇ ಬರುತ್ತಿದೆ. ಅದರಲ್ಲಿರುವುದು ಸಿಲ್ವರ್ ನೈಟ್ರೇಟ್. ಚರ್ಮದ ಉಪ್ಪಿನ ಜೊತೆ ಕೂಡಿಕೊಂಡು, ಬಿಸಿಲು ತಾಗಿ ಕಪ್ಪಾಗುತ್ತದೆ, ಸೋಪಿಗೆ ಜಗ್ಗುವುದಿಲ್ಲ. ಉಗುರು ಬೆಳೆದ ಮೇಲೆ ಹೋಗುತ್ತದೆ ಅನ್ನು. ವರ್ಷಗಟ್ಟಲೆ ಕುಡಿದ ಬೆಳ್ಳಿ ಚರ್ಮದ ಆಳದಲ್ಲಿ ಕೂತರೆ ಹಾಗೆ ಬೆಳೆದು ಹೋಗುವುದಿಲ್ಲ. ಬಿಸಿಲು ಬೀಳುವ ಮುಖ, ಕೈ ಬೂದು ನೀಲಿಗೆ ತಿರುಗುತ್ತವೆ. ಆರ್ಜೀರಿಯಾ ಅನ್ನುತ್ತಾರೆ. ಆ ಬಣ್ಣ ಇಳಿಸುವ ಔಷಧಿ ಇಲ್ಲ. ಅಮೆರಿಕದ ಪಾಲ್ ಕರಾಸನ್ ನಿನ್ನ ಹಾಗೆಯೇ ಮನೆಯಲ್ಲಿ ಮಾಡಿಕೊಂಡು ಕುಡಿದವನು. 2008ರಲ್ಲಿ ಟಿವಿಗೆ ಬಂದಾಗ ಅವನ ನೀಲಿ ಮುಖವನ್ನು ಜಗತ್ತೇ ನೋಡಿತು. ಅಲ್ಲಿನ ಔಷಧ ಇಲಾಖೆ 1999ರಲ್ಲೇ ಕೊಲಾಯ್ಡಲ್ ಸಿಲ್ವರನ್ನು ಸುರಕ್ಷಿತ, ಪರಿಣಾಮಕಾರಿ ಔಷಧಿ ಅಂತ ಒಪ್ಪಲಾಗದು ಎಂದಿತ್ತು.

ಬೆಳ್ಳಿ ಕ್ರಿಮಿ ಕೊಲ್ಲುತ್ತದೆ ಅನ್ನುವುದು ಸುಳ್ಳಲ್ಲ. ಸುಟ್ಟ ಗಾಯಕ್ಕೆ ಡಾಕ್ಟರು ಕೊಡುವ ಬಿಳಿ ಮುಲಾಮಿನಲ್ಲೂ ಬೆಳ್ಳಿಯಿದೆ, ಹೊರಗೆ ಹಚ್ಚಲಿಕ್ಕೆ. ಆದರೆ ನಮ್ಮ ಸೀಮೆಯ ಬೋರ್‌ವೆಲ್ಲಿನ ತಕರಾರು ಫ್ಲೋರೈಡು, ಗಡಸುತನ. ಅವೆರಡಕ್ಕೂ ಬೆಳ್ಳಿ ಏನೂ ಮಾಡದು. ಕ್ರಿಮಿಯ ಭಯವಿದ್ದರೆ ನೀರು ಕುದಿಸು.

ಮುಖ್ಯ ಸಂಗತಿ ಇದು: ಅಜ್ಜಿಗೆ ಮಾತ್ರ ಕೊಡಬೇಡ. ಬೆಳಗ್ಗೆ ಅವಳು ನುಂಗುವ ಥೈರಾಯ್ಡ್ ಮಾತ್ರೆ ಮೈಗೆ ಹತ್ತದಂತೆ ಬೆಳ್ಳಿ ಅಡ್ಡ ಬರುತ್ತದೆ, ಕೆಲವು ಆ್ಯಂಟಿಬಯಾಟಿಕ್‌ಗಳಿಗೂ ಅಷ್ಟೇ. ನೀನು ಒಂದೆರಡು ದಿನ ಕುಡಿದಿದ್ದರೆ ಅಷ್ಟಕ್ಕೇ ನೀಲಿಯಾಗುವುದಿಲ್ಲ, ಗಾಬರಿ ಬೇಡ. ನಿಲ್ಲಿಸು, ಮುಂದೆ ಆಸ್ಪತ್ರೆಗೆ ಹೋದಾಗ ಮುಚ್ಚಿಡದೆ ಹೇಳು.

ಕಡಗದ ತುಂಡುಗಳನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ ಇಡು. ನಾಳೆ ಹರಪನಹಳ್ಳಿಗೆ ಹೋಗುವವನಿದ್ದೇನೆ, ಅಕ್ಕಸಾಲಿಗರಲ್ಲಿ ಬೆಸುಗೆ ಹಾಕಿಸಿಕೊಂಡು ಬರೋಣ. ಅಜ್ಜಿ ಎರಡು ದಿನದಿಂದ ಅದನ್ನೇ ಹುಡುಕುತ್ತಿದ್ದಾಳೆ.