ಕಾರಿನ ನೆಲ, ಕಾಲಿನ ನೆಲ

ಇಂಗ್ಲೆಂಡಿನಲ್ಲಿ ಗ್ಯಾರೇಜಿನೊಳಗೆ ಕಾರು ನಿಲ್ಲಿಸುವವರನ್ನು ನಾನು ಕಂಡದ್ದು ಕಡಿಮೆ. ಹಳೆಯ ಸೈಕಲ್ಲು, ಸೂಟ್‌ಕೇಸು, ಆಸೆಪಟ್ಟು ಊರಿಂದ ಹೊತ್ತು ತಂದು ಆಮೇಲೆ ಯಾರೂ ಮುಟ್ಟದ ಒರಳುಕಲ್ಲು, ಇಂಥವೇ ಅಲ್ಲಿ ತುಂಬಿರುತ್ತವೆ. ರೆಡಿಂಗ್‌ನ ನಮ್ಮ ಮನೆಯದೂ ಅದೇ ಕಥೆ. ಊರಿಂದ ಬಂದು ತಿಂಗಳುಗಟ್ಟಲೆ ಇರುವ ಅಪ್ಪ ಅಮ್ಮನಿಗೆ ಮಹಡಿ ಹತ್ತಿ ಇಳಿಯುವುದು ಕಷ್ಟವಾಗತೊಡಗಿದಾಗ ಗ್ಯಾರೇಜನ್ನೇ ಕೋಣೆ ಮಾಡುವುದೆಂದಾಯಿತು. ಗೋಡೆ, ಕಿಟಕಿ, ವೈರಿಂಗು ಬಿಲ್ಡರ್ ಪಾಲಿಗೆ. ನೆಲ ಮಾತ್ರ ನನ್ನ ಪಾಲಿಗೆ ಬಂತು. ಮಂಡಿಯೂರಿ ಕೂರುವ ಚೈತನ್ಯವಿರುವ ಯಾರಾದರೂ ಮಾಡಬಹುದಾದ ಕೆಲಸ ಅದು, ಲೆಕ್ಕ ಮಾತ್ರ ತಪ್ಪಬಾರದು.

ಗ್ಯಾರೇಜಿನ ನೆಲ ಮನೆಯ ನೆಲಕ್ಕಿಂತ ತಗ್ಗಿನಲ್ಲಿರುವುದೂ ಹೊರಬಾಗಿಲ ಕಡೆ ಇಳಿಜಾರಾಗಿರುವುದೂ ಗಾರೆಯವರ ಸೋಮಾರಿತನದಿಂದಲ್ಲ. ಮನೆಗೂ ಗ್ಯಾರೇಜಿಗೂ ನಡುವೆ ಬಾಗಿಲಿದ್ದರೆ, ಚೆಲ್ಲಿದ ಪೆಟ್ರೋಲು ಮನೆಯೊಳಗೆ ಹರಿಯಬಾರದು. ಅದಕ್ಕೇ ಒಂದೋ ನೆಲಕ್ಕೆ ಹೊರಮುಖವಾಗಿ ವಾಟ ಇರಬೇಕು, ಇಲ್ಲವೇ ಬಾಗಿಲು ಗ್ಯಾರೇಜಿನ ನೆಲಕ್ಕಿಂತ ಕನಿಷ್ಠ 100 ಮಿ.ಮೀ. ಮೇಲಿರಬೇಕು ಎನ್ನುತ್ತದೆ ಇಂಗ್ಲೆಂಡಿನ ಬೆಂಕಿ ಸುರಕ್ಷತೆಯ ನಿಯಮ. ನಮ್ಮಲ್ಲಿ ಎರಡೂ ಇದ್ದವು. ಒಳಬಾಗಿಲ ಹತ್ತಿರ 140 ಮಿ.ಮೀ. ತಗ್ಗು, ಅಲ್ಲಿಂದ ಹೊರಬಾಗಿಲಿಗೆ ಹೋಗುವಷ್ಟರಲ್ಲಿ ಇನ್ನೂ 40.

ಆ 140 ಮಿ.ಮೀ.ಯೇ ನನ್ನ ಬಂಡವಾಳ. ಹಾಕುವುದೆಲ್ಲವೂ ಅಷ್ಟರಲ್ಲೇ ಮುಗಿದು, ಕೊನೆಗೆ ಹಾಲಿನ ನೆಲಕ್ಕೂ ಕೋಣೆಯ ನೆಲಕ್ಕೂ ಎಡವುವಂಥ ಏರುತಗ್ಗು ಉಳಿಯಕೂಡದು. ಮೇಲಿನ ಲ್ಯಾಮಿನೇಟ್ ಮತ್ತು ಅದರಡಿಯ ಮೆತ್ತೆಗೆ 15, ಅದರ ಕೆಳಗಿನ ಚಿಪ್‌ಬೋರ್ಡಿಗೆ 22. ಉಳಿದದ್ದರಲ್ಲಿ 100 ಮಿ.ಮೀ. ಪಿಐಆರ್ ಹಲಗೆ ಕೂರುತ್ತದೆ. ಎರಡೂ ಮುಖಕ್ಕೆ ಬೆಳ್ಳಿಬಣ್ಣದ ಫಾಯಿಲ್ ಅಂಟಿಸಿದ, ಗಟ್ಟಿ ನೊರೆಯ ಹಲಗೆ ಅದು. ಅಷ್ಟೇ ಚಳಿ ತಡೆಯಲು ಥರ್ಮೋಕೋಲ್ ಹಾಕಿದರೆ ಹೆಚ್ಚುಕಡಿಮೆ 170 ಮಿ.ಮೀ. ಬೇಕು. ಅಷ್ಟು ಜಾಗ ಎಲ್ಲಿಂದ ತರೋಣ?

ಇನ್ಸುಲೇಶನ್ ಹಾಸಿ ಮೇಲೆ ಮರಳು ಸಿಮೆಂಟಿನ ಸ್ಕ್ರೀಡ್ ಎಳೆದುಬಿಡಿ, ಮಟ್ಟವೂ ಆಯಿತು ನೆಲವೂ ಆಯಿತು ಎಂದು ಬಿಲ್ಡರ್ ಹೇಳಿದ್ದುಂಟು. ಅದು ಒಳ್ಳೆಯ ನೆಲವೇ, ಕಲ್ಲಿನಂತೆ ನಿಲ್ಲುತ್ತದೆ. ಆದರೆ ಇನ್ಸುಲೇಶನ್ ಮೇಲೆ ಕೂರುವ ಸ್ಕ್ರೀಡ್ 65 ಮಿ.ಮೀ.ಗಿಂತ ತೆಳುವಾದರೆ ಬಿರುಕು ಬಿಡುತ್ತದೆ. ನನ್ನ ಬಂಡವಾಳದ ಹೆಚ್ಚುಕಡಿಮೆ ಅರ್ಧವನ್ನು ಅದೇ ನುಂಗುತ್ತಿತ್ತು. ಒಣಗುವುದೂ ದಿನಕ್ಕೆ 1 ಮಿ.ಮೀ. ಲೆಕ್ಕ, 50 ದಾಟಿದ ಮೇಲೆ ಇನ್ನೂ ನಿಧಾನ. ಆದ್ದರಿಂದ ಮೊದಲು ಕೆಳಗಿನ ಕಾಂಕ್ರೀಟನ್ನೇ ಮಟ್ಟ ಮಾಡುವುದು, ಮೇಲಿನದೆಲ್ಲ ಒಣ ಕೆಲಸ ಎಂದು ತೀರ್ಮಾನಿಸಿದೆ. ನನ್ನ ಅಭಿಪ್ರಾಯದಲ್ಲಿ ಚಿಕ್ಕ ಗ್ಯಾರೇಜಿಗೆ ಇದೇ ಸರಿ.

ಮಟ್ಟ ನೋಡಲು ಬಾಡಿಗೆಗೆ ಲೇಸರ್ ತಂದಿದ್ದೆ. ವಿಡಿಯೋ ಕಾಲ್‌ನಲ್ಲಿ ನೋಡುತ್ತಿದ್ದ ಅಪ್ಪನಿಗೆ ಆ ಕೆಂಪು ಗೆರೆಯ ಮೇಲೆ ನಂಬಿಕೆಯೇ ಬರಲಿಲ್ಲ. "ಆ ಲೇಸರ್ ಗೀಸರ್ ಬಿಡೋ. ಪೈಪಿಗೆ ನೀರು ತುಂಬಿ ಎರಡೂ ತುದಿ ಹಿಡಿದು ನೋಡು" ಅಂದರು. ಪಾರದರ್ಶಕ ಪೈಪು ತಂದು, ಗುಳ್ಳೆ ಇಲ್ಲದಂತೆ ನೀರು ತುಂಬಿ, ಅದನ್ನೂ ನೋಡಿದ್ದಾಯಿತು. ಲೇಸರೂ ನೀರೂ ಒಂದೇ ಮಾತು ಹೇಳಿದವು. ಅರ್ಧರ್ಧ ಮೀಟರಿಗೆ ಸೀಮೆಸುಣ್ಣದಲ್ಲಿ ತಗ್ಗಿನ ಅಳತೆ ಬರೆಯುತ್ತ ಹೋದಾಗ ನೆಲದ ನಿಜವಾದ ನಕ್ಷೆ ಕಂಡಿತು: 0, 8, 17, ನಡುವೆ ಒಂದು ಉಬ್ಬು, ಮತ್ತೆ 26, 40.

ಸೆಲ್ಫ್ ಲೆವೆಲಿಂಗ್ ಕಾಂಪೌಂಡನ್ನೇ ಸುರಿದರೆ ಕೆಲಸ ಸಲೀಸು, ಜೇಬಿಗೆ ಮಾತ್ರ ಭಾರ. 12.5 ಚದರ ಮೀಟರ್ ನೆಲ, ಸರಾಸರಿ 20 ಮಿ.ಮೀ. ಆಳ ಅಂದರೆ 250 ಲೀಟರ್. 25 ಕೆ.ಜಿ. ಚೀಲವೊಂದಕ್ಕೆ 15 ಲೀಟರ್ ಹಿಡಿದರೂ 17 ಚೀಲ. ಹಾಗಾಗಿ ಆಳವಿದ್ದ ಹೊರಬಾಗಿಲ ಕಡೆ ಎಸ್‌ಬಿಆರ್ ಎಂಬ ಅಂಟುದ್ರವ ಬೆರೆಸಿದ ಸಿಮೆಂಟ್ ಹಾಲು ಬಳಿದು, ಅದು ಹಸಿಯಿರುವಾಗಲೇ ಮರಳು ಸಿಮೆಂಟು ತುಂಬಿದೆ. ಅದು 25 ಮಿ.ಮೀ.ಗಿಂತ ತೆಳುವಾದರೆ ಪುಡಿಯಾಗಿ ಏಳುತ್ತದೆ. ಆದ್ದರಿಂದ ಆಳ ಅದಕ್ಕಿಂತ ಕಡಿಮೆಯಿದ್ದ ಒಳಬಾಗಿಲ ಕಡೆಗಷ್ಟೇ ಕಾಂಪೌಂಡು. ಅದೂ ಸಿಮೆಂಟಿನದೇ ಆಗಬೇಕು, ಜಿಪ್ಸಂನದು ತೇವಕ್ಕೆ ಆಗಿಬರುವುದಿಲ್ಲ. ಹಿಂದಿನವರ ಕಾರು ನಿಲ್ಲುತ್ತಿದ್ದ ಕಡೆ ಅಂಗೈ ಅಗಲದ ಎಣ್ಣೆಕಲೆಯಿತ್ತು. ನೀರು ಚಿಮುಕಿಸಿದರೆ ಇಂಗದೆ, ಕೆಸುವಿನೆಲೆಯ ಮೇಲಿನ ಹಾಗೆ ಮಣಿಮಣಿಯಾಗಿ ನಿಂತಿತು. ನೀರು ಇಂಗದ ಕಡೆ ಪ್ರೈಮರೂ ಹಿಡಿಯದು, ಕಾಂಪೌಂಡೂ ಹಿಡಿಯದು. ಡಿಗ್ರೀಸರ್ ಹಾಕಿ ಉಜ್ಜಿ, ಅದಕ್ಕೂ ಬಗ್ಗದಿದ್ದಾಗ ಗ್ರೈಂಡರ್ ಹಿಡಿದು ಮೇಲ್ಪದರವನ್ನೇ ಕೆರೆದು ತೆಗೆದೆ. ಉಬ್ಬಿಗೂ ಅದೇ ಮದ್ದು. ಆ ಧೂಳಿಗೆ ಮಾಸ್ಕ್ ಇಲ್ಲದೆ ಕೈಹಾಕಬೇಡಿ.

ಮಟ್ಟವಾದ ನೆಲದ ಮೇಲೆ 1200 ಗೇಜಿನ ಪ್ಲಾಸ್ಟಿಕ್ ಹಾಳೆ, ನೆಲದ ತೇವಕ್ಕೆ ತಡೆ. ಬೆಲೆ ಕಡಿಮೆ, ಜವಾಬ್ದಾರಿ ದೊಡ್ಡದು. ಅಂಚನ್ನು ಗೋಡೆಯ ಮೇಲೆ ಮಡಚಿ, ಗೋಡೆಯಲ್ಲಿರುವ ತೇವದ ತಡೆಪಟ್ಟಿಗೆ ಕೂಡಿಸಬೇಕು. ನಡುವೆ ಬೆರಳಗಲ ಬಿಟ್ಟರೂ ತೇವ ಆ ದಾರಿಯಲ್ಲೇ ಹತ್ತುತ್ತದೆ. ಪಿಐಆರ್ ಅನ್ನು 50 ಮಿ.ಮೀ.ಯ ಎರಡು ಪದರ ಮಾಡಿ, ಕೆಳಗಿನ ಸಂದಿನ ಮೇಲೆ ಮೇಲಿನ ಸಂದು ಬಾರದಂತೆ ಹಾಸಿದೆ. ಗೋಡೆಯ ಸುತ್ತ 25 ಮಿ.ಮೀ. ಪಟ್ಟಿ ನಿಲ್ಲಿಸಿದೆ. ನೆಲದ ಚಳಿ ನುಗ್ಗುವುದು ಹೆಚ್ಚಾಗಿ ಅಂಚಿನಿಂದಲೇ. ಒಂದೊಂದು ಹಲಗೆ ಇಟ್ಟಾಗಲೂ ಮೂಲೆಯ ಮೇಲೆ ಕಾಲಿಟ್ಟು ನೋಡುತ್ತಿದ್ದೆ. ನೊರೆಯ ಹಲಗೆ ನೆಲದ ತಗ್ಗಿಗೆ ಬಗ್ಗಿ ಕೂರುವುದಿಲ್ಲ. ಅಡಿಯಲ್ಲಿ 3 ಮಿ.ಮೀ. ಪೊಳ್ಳಿದ್ದರೂ ಮುಂದೆ ನಡೆದಾಗಲೆಲ್ಲ ಟಕ್ ಟಕ್ ಅನ್ನುತ್ತದೆ.

ಇಷ್ಟಾದ ಮೇಲೆ ಮುಚ್ಚುವ ಮೊದಲು ಕೌನ್ಸಿಲ್ಲಿನ ಬಿಲ್ಡಿಂಗ್ ಇನ್ಸ್‌ಪೆಕ್ಟರ್ ಬಂದು ನೋಡಬೇಕು. ಹಳೆಯ ನೆಲ ಉಳಿಸಿಕೊಂಡು ಮಾಡುವ ಇಂಥ ಕೆಲಸಕ್ಕೆ ಇಂಗ್ಲೆಂಡಿನ ನಿಯಮ ಕೇಳುವ ಯು-ವ್ಯಾಲ್ಯೂ, ಅಂದರೆ ಶಾಖ ಸೋರುವ ಪ್ರಮಾಣ, ಹೆಚ್ಚೆಂದರೆ 0.25. ಅವರು ಹಲಗೆಯ ದಪ್ಪ ನೋಡಿದರು, ಮೂಲೆಯಲ್ಲಿ ಹಾಳೆ ಎತ್ತಿ ನೋಡಿದರು, ತಲೆಯಾಡಿಸಿದರು. ಟೇಪು ಹಿಡಿದು ತೆಗೆದ ಫೋಟೋಗಳನ್ನೂ ಇಟ್ಟುಕೊಂಡಿದ್ದೇನೆ. ಮನೆ ಮಾರುವಾಗ ಕೊಳ್ಳುವವರ ವಕೀಲರು ಈ ಕೆಲಸದ ಪ್ರಮಾಣಪತ್ರ ಕೇಳದೆ ಬಿಡುವುದಿಲ್ಲ.

ಕೋಣೆಯ ಬಿಸಿಗಾಳಿಯ ತೇವ ಕೆಳಗಿಳಿಯದಂತೆ ಇನ್ನೊಂದು ತೆಳು ಹಾಳೆ ಹಾಸಿ, ಅದರ ಮೇಲೆ ಚಿಪ್‌ಬೋರ್ಡು. ಗೋಡೆಯಿಂದ 10 ಮಿ.ಮೀ. ಬಿಟ್ಟು, ಸಂದುಗಳಿಗೆ ಅಂಟು ಹಾಕಿ ಜೋಡಿಸಿದ್ದು. ಕೆಳಗಿನವರೆಗೆ ಸ್ಕ್ರೂ ಹೊಡೆದರೆ ತೇವದ ಹಾಳೆ ತೂತಾಗುತ್ತದೆ, ಆದ್ದರಿಂದ ಇಡೀ ನೆಲ ತನ್ನ ಭಾರದಿಂದಲೇ ನಿಂತಿದೆ.

ಅಮ್ಮನಿಗೆ ಬರಿಗಾಲಲ್ಲಿ ಓಡಾಡಲು ತೊಂದರೆಯಿಲ್ಲ. ಜಗಳ ಇರುವುದು ನೀರಿನ ವಿಷಯಕ್ಕೆ. ಹಸಿರು ಬಣ್ಣದ ಆ ಚಿಪ್‌ಬೋರ್ಡು ಸ್ವಲ್ಪ ತೇವ ತಾಳುತ್ತದೆಯೇ ಹೊರತು ಬಕೆಟ್ ನೀರನ್ನಲ್ಲ, ಲ್ಯಾಮಿನೇಟಿನ ಅಂಚೂ ಉಬ್ಬುತ್ತದೆ. ಊರಿನ ರೆಡ್ ಆಕ್ಸೈಡ್ ನೆಲಕ್ಕೆ ದಿನಾ ನೀರು ಸುರಿದು ಗುಡಿಸುತ್ತಿದ್ದವರಿಗೆ ಹಿಂಡಿದ ಬಟ್ಟೆಯಲ್ಲಿ ಒರೆಸಿದರೆ ಸಾಕು ಎಂದು ಒಪ್ಪಿಸುವುದು ಸುಲಭವಲ್ಲ. "ನೀರು ಕಾಣದ ನೆಲ ಎಂಥ ನೆಲವೋ?" ಎನ್ನುತ್ತಾರೆ. ಸದ್ಯಕ್ಕೆ ಬಕೆಟ್ಟನ್ನು ಹಿತ್ತಲ ಶೆಡ್ಡಿನಲ್ಲಿ ಇಟ್ಟಿದ್ದೇನೆ.