ತೇವ ಹೀರುವ ಯಂತ್ರ ಕೊಳ್ಳುವ ಮುನ್ನ

ಮಳೆಗಾಲ ಬಂತೆಂದರೆ ಬೆಂಗಳೂರಿನ ರಿಚರ್ಡ್ಸ್ ಟೌನಿನ ಹಳೆಯ ಮನೆಗಳಲ್ಲಿ ಬೀರು ತೆರೆದ ಕೂಡಲೇ ಮುಗ್ಗಲು ವಾಸನೆ, ಚರ್ಮದ ಚಪ್ಪಲಿಯ ಮೇಲೆ ಬಿಳಿ ಬೂಷ್ಟು. ಡಿಹ್ಯುಮಿಡಿಫೈಯರ್ ತರೋಣ ಅನ್ನಿಸುವುದು ಸಹಜ. ತನ್ನಿ, ಆದರೆ ನೋಡಿ ತನ್ನಿ.

ಇಂಧನ ದಕ್ಷತಾ ಬ್ಯೂರೋ 2006ರಲ್ಲಿ ಶುರುಮಾಡಿದ, ಕರೆಂಟ್ ಉಳಿತಾಯ ತೋರಿಸುವ ಸ್ಟಾರ್ ಲೇಬಲ್ ಇಂದು ಫ್ರಿಜ್, ಎ.ಸಿ., ಗೀಸರ್, ಫ್ಯಾನುಗಳ ಮೇಲಿದೆ. ಡಿಹ್ಯುಮಿಡಿಫೈಯರಿಗೆ ಮಾತ್ರ ಅದು ಕಡ್ಡಾಯವಾಗಿಲ್ಲ. ಅಮೆರಿಕದಲ್ಲಾದರೆ 2019ರಿಂದ ತಯಾರಾದ ಸಣ್ಣ ಯಂತ್ರವೂ ಒಂದು ಯೂನಿಟ್ ಕರೆಂಟಿಗೆ ಕನಿಷ್ಠ 1.3 ಲೀಟರ್ ನೀರು ತೆಗೆಯಲೇಬೇಕು.

ಆದ್ದರಿಂದ ಅಂಗಡಿಯಲ್ಲಿ ದಿನಕ್ಕೆ ಎಷ್ಟು ಲೀಟರ್ ಎಂದಷ್ಟೇ ಕೇಳಬೇಡಿ. ಯೂನಿಟ್ಟಿಗೆ ಎಷ್ಟು ಎಂದೂ ಕೇಳಿ. 300 ವಾಟ್ ಯಂತ್ರ 10 ಗಂಟೆ ಓಡಿದರೆ 3 ಯೂನಿಟ್. ಅಷ್ಟರಲ್ಲಿ ತೊಟ್ಟಿಯಲ್ಲಿ ಸುಮಾರು 4 ಲೀಟರ್ ನೀರು ಸೇರಿದರೆ ಅಮೆರಿಕದ ಆ ಮಟ್ಟ ಮುಟ್ಟಿದಂತೆ. ಪೆಟ್ಟಿಗೆಯ ಮೇಲಿನ ಲೆಕ್ಕ ಸಾಮಾನ್ಯವಾಗಿ 30 ಡಿಗ್ರಿ ಸೆಕೆ, ಶೇ 80 ತೇವಾಂಶದ್ದು. ನಮ್ಮ ಜುಲೈ ತಂಪಿನಲ್ಲಿ ಅಷ್ಟು ನೀರು ಬಾರದು.

ಮೊದಲು ಒಡೆದ ಹೆಂಚು, ಸೋರುವ ಪೈಪು ಸರಿಮಾಡಿಸಿ. ಯಂತ್ರ ಓಡುವಾಗ ಕಿಟಕಿ ಮುಚ್ಚಿ, ತೇವಾಂಶ ಶೇ 55ಕ್ಕೆ ಇಳಿದಾಗ ತಾನೇ ನಿಲ್ಲುವಂತೆ ಇಡಿ, ಫಿಲ್ಟರ್ ಆಗಾಗ ತೊಳೆಯಿರಿ. ಸ್ಟಾರ್ ಲೇಬಲ್ ಈ ಯಂತ್ರಕ್ಕೂ ಬರಲೇಬೇಕು. ಕೊಳ್ಳುವವರು ಕೇಳುತ್ತಾ ಹೋದರೆ ಬೇಗ ಬಂದೀತು.